ಎತ್ತಿ ಕೊಡುವವರು

ಕಾಕಾ ಅವರ ಬಲ ಹೆಗಲು ಎಡದ್ದಕ್ಕಿಂತ ತಗ್ಗಾಗಿತ್ತು. ಮೆಣಸಿನಕಾಯಿ ಚೀಲ ಹೊತ್ತು ಹೊತ್ತು ಕತ್ತಿನ ಬುಡದಲ್ಲಿ ನಿಂಬೆಹಣ್ಣಿನಷ್ಟು ಗಂಟು ಕಟ್ಟಿತ್ತು. ಶಾಸಕರಾದ ಮೇಲೆ ಹೊಲಿಸಿದ ಖಾದಿ ಅಂಗಿಯೂ ಮೊದಲು ಅಲ್ಲೇ ಸವೆಯಿತು.

ಬ್ಯಾಡಗಿಯ ನಮ್ಮ ಓಣಿಯವರು, ಹಮಾಲರ ಸಂಘದ ಮುಖಂಡರು. ಅವರು ಚೀಲ ಹೊರುತ್ತಿದ್ದ ಮೆಣಸಿನಕಾಯಿ ಮಾರ್ಕೆಟ್ಟಿನ ದಲಾಲಿ ಅಂಗಡಿಯಲ್ಲಿ ನಾನು ತೂಕ ಬರೆಯುತ್ತಿದ್ದೆ. ಹಮಾಲರಲ್ಲೊಂದು ಪದ್ಧತಿ: ಒಬ್ಬ ಬೆನ್ನು ಬಾಗಿಸಿ ನಿಂತರೆ ಇಬ್ಬರು ಚೀಲ ಎತ್ತಿ ಕೊಡಬೇಕು. ಬೆಳಿಗ್ಗೆ ಜಗಳವಾಡಿದವನಾದರೂ ಸರಿಯೇ.

“ಎತ್ತಿ ಕೊಡೋರಿಲ್ಲದ ಯಾವ ಮಗಾನೂ ದೊಡ್ಡಾವ ಆಗಂಗಿಲ್ಲೋ ತಮ್ಮಾ,” ಎನ್ನುತ್ತಿದ್ದರು ಕಾಕಾ.

ಹಮಾಲರು ಅವರನ್ನು ಮೊದಲು ಪುರಸಭೆಗೆ, ಆಮೇಲೆ ವಿಧಾನಸಭೆಗೆ ಎತ್ತಿ ಕೊಟ್ಟರು. ಮರುವರ್ಷ ಸುಗ್ಗಿಯಲ್ಲೇ, ಭಾರದ ಚೀಲ ಹೊರುವುದಿಲ್ಲವೆಂದು ಹಮಾಲರು ಕೆಲಸ ನಿಲ್ಲಿಸಿದರು. ಕಾಕಾ ಬೆಂಗಳೂರಿನಿಂದ ಬಂದು ವ್ಯಾಪಾರಿಗಳೊಡನೆ ಕೂತೆದ್ದು, “ಸರ್ಕಾರದಾಗ ಮಾತಾಡೇನಿ, ಒಂದು ತಿಂಗಳು ತಾಳ್ರಿ,” ಎಂದರು. ನಂಬಿ ಹೊತ್ತರು. ತಿಂಗಳು ಕಳೆದರೂ ಚೀಲ ಹಗುರಾಗಲಿಲ್ಲ. ಆ ಸುಗ್ಗಿಯಲ್ಲೇ ಕಾಕಾ ಅವರೊಡನೆ ವರ್ಷಗಟ್ಟಲೆ ಚೀಲ ಹೊತ್ತಿದ್ದ ಹಳೆಯ ಜೋಡಿಯ ಮಗ ಚೀಲದಡಿ ಬಿದ್ದು ಸೊಂಟ ಮುರಿದುಕೊಂಡ.

ಮುಂದಿನ ಚುನಾವಣೆಯಲ್ಲಿ ಹಮಾಲರ ಓಣಿಯೇ ಕೈಬಿಟ್ಟಿತು. ಸೋತ ವಾರ ಕಾಕಾ ಮಾರ್ಕೆಟ್ಟಿಗೆ ಬಂದರು. ಅಂಗಿ ಕಳಚಿ, ತಲೆಗೆ ಗೋಣಿತಟ್ಟು ಹಾಕಿಕೊಂಡು, ಚೀಲಗಳ ಮುಂದೆ ಬಾಗಿ ನಿಂತರು.

“ಕೊಡ್ರೋ.”

ಯಾರೂ ಬರಲಿಲ್ಲ. ಕಡೆಗೆ ಆ ಹಳೆಯ ಜೋಡಿ ದೂರದಿಂದಲೇ, “ಬಿಡ್ರಿ ಸಾಹೇಬ್ರ, ನಿಮಗ ರೂಢಿ ತಪ್ಪೇತಿ,” ಎಂದ. ಕಾಕಾ ಇನ್ನೂ ತುಸು ಹೊತ್ತು ಬಾಗಿಯೇ ಇದ್ದು, ಮೊಣಕಾಲು ಹಿಡಿದು ಮೇಲೆದ್ದರು.

ದಾರಿಯಲ್ಲಿ ನನ್ನೊಡನೆ ಅಂದರು: “ಸಾಹೇಬ್ರ ಅಂದ. ಬೈದಿದ್ರ ಛಲೋ ಇತ್ತು. ನೀ ದಿನಾ ಎಲ್ಲಾ ಬರದಿಡ್ತೀಯಲ್ಲ, ಇವತ್ತಿಂದು ಬರೀಬ್ಯಾಡ.”

ನನ್ನ ದಿನಚರಿಯಲ್ಲಿ ಆ ಪುಟ ಖಾಲಿ ಇದೆ.

ಎದೆಯ ಕಾಯಿಲೆಯಿಂದ ಕಾಕಾ ಹಾವೇರಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಹೆಣ ಬ್ಯಾಡಗಿಗೆ ಬಂದ ಮೇಲೆ ಪಕ್ಷದವರು ಮೆರವಣಿಗೆಗೆಂದು ಹೂವಿನಿಂದ ಸಿಂಗರಿಸಿದ ಲಾರಿ ತಂದರು. ಅದಕ್ಕೆ ಏರಿಸುವ ಹೊತ್ತಿಗೆ ಹಮಾಲರು ಬಂದರು. ಮುಂದೆ ಆ ಹಳೆಯ ಜೋಡಿ, ಹಿಂದೆ ಕೋಲೂರಿಕೊಂಡು ಅವನ ಮಗ.

“ಲಾರಿ ಒಯ್ರಿ. ನಮ್ಮಣ್ಣಗ ನಾವು ಅದೇವಿ,” ಎಂದು ಮುದುಕ ಬೆನ್ನು ಬಾಗಿಸಿದ. ಇಬ್ಬರು ಚಟ್ಟದ ಮುಂದಿನ ತುದಿಯನ್ನು ಅವನ ಹೆಗಲಿಗೆ ಎತ್ತಿ ಕೊಟ್ಟರು; ಉಳಿದ ತುದಿಗಳಿಗೆ ಬೇರೆ ಹಮಾಲರು ಹೆಗಲು ಕೊಟ್ಟರು.

ಮಾರ್ಕೆಟ್ಟಿನ ಗೇಟಿನ ಬಳಿ ಹೆಗಲು ಬದಲಿಸಲು ಹುಡುಗರು ಮುಂದೆ ಬಂದರು. ಮುದುಕ ಬಿಡಲಿಲ್ಲ.

“ನನಗ ರೂಢಿ ಐತಿ,” ಎಂದ. “ನಡೀರಿ.”