ಕೆಂಪಿಯ ಬೆನ್ನ ಮೇಲಿನ ಗರಿ

ಸೊಲ್ಲಾಪುರ ರಸ್ತೆಯ ಕೋಳಿ ಅಂಗಡಿಯ ಮುಂದೆ ಹಾಯುವಾಗ, ಬಿಸಿನೀರಿನಲ್ಲಿ ಅದ್ದಿದ ಗರಿಯ ವಾಸನೆ ಬಂದರೆ ನಾನು ಈಗಲೂ ಮೂಗಿಗೆ ಸೆರಗು ಹಿಡಿದು ಬೇಗ ಬೇಗ ನಡೆಯುತ್ತೇನೆ. ಆ ಹಸಿ ವಾಸನೆ ನನ್ನನ್ನು ತಿಕೋಟಾದ ನಮ್ಮ ಹಿತ್ತಲಿಗೆ ಎಳೆದೊಯ್ಯುತ್ತದೆ. ಹುಟ್ಟಿದ ಮನೆ ಕಳೆದುಕೊಂಡವರಿಗೆ ಗೊತ್ತು, ವಾಸನೆ ಅಪ್ಪಣೆ ಕೇಳಿ ಬರುವುದಿಲ್ಲ.

ಆ ಹಿತ್ತಲು ಶಾಂತತ್ತೆಯದು. ಅವಳು ಅಪ್ಪನ ತಂಗಿ. ಮದುವೆಯಾದ ಮೂರನೆಯ ವರ್ಷಕ್ಕೇ ಗಂಡ ತೀರಿಕೊಂಡು ತವರಿಗೆ ಬಂದವಳು. ಹಗಲೆಲ್ಲ ದ್ರಾಕ್ಷಿ ತೋಟದಲ್ಲಿ ದುಡಿದು, ಸಂಜೆ ಮೈಗೆ ಔಷಧಿಯ ಘಾಟು ಹತ್ತಿಸಿಕೊಂಡು ಬಂದವಳೇ ಮೊದಲು ಕೋಳಿಗಳನ್ನು ಎಣಿಸುತ್ತಿದ್ದಳು. ಒಂಬತ್ತು ಕೋಳಿ. ಆ ಮನೆಯಲ್ಲಿ ತನ್ನವು ಎಂದು ಅವಳು ಹೇಳಬಹುದಾಗಿದ್ದದ್ದು ಅವು ಮಾತ್ರ. ಅವುಗಳಲ್ಲಿ ಕೆಂಪಿ ಅವಳ ಮಡಿಲಿನ ಕೋಳಿ. ಅತ್ತೆ ರೊಟ್ಟಿ ಬಡಿಯುವಾಗ ಒಲೆಯ ಬಳಿ ಬಂದು, ಅವಳ ಸೀರೆಯ ನೆರಿಗೆಗೆ ಒತ್ತಿಕೊಂಡು ಕೂರುತ್ತಿತ್ತು.

ನನಗೆ ಒಂಬತ್ತು ವರ್ಷವಾಗಿದ್ದ ಆ ಚಳಿಗಾಲದಲ್ಲಿ ಕೋಳಿಗಳ ಗರಿ ಉದುರತೊಡಗಿತು. ಬೆಳಿಗ್ಗೆ ಬುಟ್ಟಿ ಎತ್ತಿದರೆ ಕೆಳಗೆ ರಾಶಿ ಗರಿ. ಕೆಂಪಿಯ ಬೆನ್ನಂತೂ ಪೂರಾ ಬೋಳಾಗಿ, ಥಂಡಿಗೆ ಮುದುಡಿ ನಿಲ್ಲುತ್ತಿತ್ತು. ಒಂದು ದಿನ ಅದರ ಬೆನ್ನಲ್ಲಿ ರಕ್ತದ ಹನಿ ಕಂಡದ್ದೇ ತಡ, ಉಳಿದವು ಮೇಲೆ ಬಿದ್ದವು. ನಿನ್ನೆಯವರೆಗೆ ಜೊತೆಯಲ್ಲೇ ಕಾಳು ಹೆಕ್ಕಿದ ಕೋಳಿಗಳು ಗೋಡೆಯ ಮೂಲೆಗೆ ಅದನ್ನು ಒತ್ತಿ ಹಿಡಿದು, ಕುಕ್ಕಿ ಕುಕ್ಕಿ ಚರ್ಮ ಹರಿಯುತ್ತಿದ್ದವು. ಅವುಗಳ ಕೊಕ್ಕುಗಳೂ ಕೆಂಪಾಗಿದ್ದವು. ಅತ್ತೆ ಬರಿಗೈ ಹಾಕಿ ಬಿಡಿಸಿದಳು. ಗಾಯಕ್ಕೆ ಅರಿಶಿನ, ಎಣ್ಣೆ ಹಚ್ಚಿ, ಅಡುಗೆಮನೆಯ ಹಿಂದಿನ ಕೋಣೆಯಲ್ಲಿ ಜೋಳದ ಚೀಲಗಳ ಸಂದಿಯಲ್ಲಿ ಅದರ ಮೇಲೆ ಬುಟ್ಟಿ ಮುಚ್ಚಿಟ್ಟಳು. "ನಿಮ್ಮಪ್ಪಗ ಹೇಳಬ್ಯಾಡವಾ," ಎಂದಳು ನನಗೆ.

ಹೇಳಬಾರದೆಂಬುದಕ್ಕೆ ಕಾರಣವಿತ್ತು. ಹಿಂದಿನ ವರ್ಷ ನನ್ನ ತಮ್ಮನೊಬ್ಬ ಹುಟ್ಟಿದ ಹನ್ನೊಂದನೆಯ ದಿನಕ್ಕೆ ಜ್ವರ ಬಂದು ತೀರಿಕೊಂಡಿದ್ದ. ಈಗ ತೊಟ್ಟಿಲಲ್ಲಿ ಇನ್ನೊಂದು ಕೂಸಿತ್ತು. ಬಬಲೇಶ್ವರದ ಕಡೆ ಕೋಳಿಗಳಿಗೆ ರೋಗ ಬಂದಿದೆ, ಮನುಷ್ಯರಿಗೂ ತಗಲುತ್ತದೆ ಎಂಬ ಸುದ್ದಿ ಬಸ್‌ ಸ್ಟ್ಯಾಂಡಿನಲ್ಲಿ ಹಬ್ಬಿತ್ತು. ಅದನ್ನು ಕೇಳಿ ಬಂದ ಬೆಳಿಗ್ಗೆಯೇ ಅಪ್ಪನಿಗೆ ತೊಟ್ಟಿಲಲ್ಲಿ, ಕೂಸಿನ ಕೆನ್ನೆಯ ಪಕ್ಕದಲ್ಲಿ, ಒಂದು ಗರಿ ಸಿಕ್ಕಿತು.

ಅಪ್ಪ ನೇರ ಹಿತ್ತಲಿಗೆ ಹೋಗಿ ಕೈಗೆ ಸಿಕ್ಕ ಕೋಳಿಯ ಕತ್ತು ಮುರಿದ. ಎರಡನೆಯದನ್ನು ಗೋಡೆಗೆ ಅಪ್ಪಳಿಸಿದ. ಬೇಲಿಗೆ ಹಾರಿದವುಗಳನ್ನು ಬಡಿಗೆಯಿಂದ ಹೊಡೆದು ಕೆಡವಿದ. ಹಿತ್ತಲೆಲ್ಲ ಗರಿ, ಧೂಳು, ಚೀರಾಟ. ಅತ್ತೆ ಅವನ ತೋಳಿಗೆ ಜೋತುಬಿದ್ದಳು. "ರೋಗ ಅಲ್ಲೋ ಅಣ್ಣಾ, ಥಂಡಿಗೆ ಗರಿ ಉದುರಸ್ಯಾವ."

"ಕೂಸಿಗೆ ಏನರ ಆದ್ರ ನೀ ಜೀವಾ ತಂದು ಕೊಡತೀಯೇನು?" ಎಂದು ಅಪ್ಪ ಅವಳನ್ನು ಕೊಡವಿ ತಳ್ಳಿದ. ಅವಳ ಹಣೆ ಒರಳುಕಲ್ಲಿಗೆ ಬಡಿಯಿತು. ಹುಬ್ಬಿನ ಮೇಲಿಂದ ಇಳಿದ ರಕ್ತ ಒಂದು ಕಣ್ಣು ಮುಚ್ಚಿತು. ಅಪ್ಪ ಅದನ್ನು ನೋಡಿದ, ನೋಡಿಯೂ ನಿಲ್ಲಲಿಲ್ಲ. ಎಂಟನ್ನು ಕೊಂದು ನನ್ನ ಕಡೆ ತಿರುಗಿದ. "ಇನ್ನೊಂದು ಎಲ್ಲೈತಿ?"

ನಾನು ಬಾಯಿ ಬಿಡಲಿಲ್ಲ. ಆದರೆ ನನ್ನ ಬೆರಳು ಹಿಂದಿನ ಕೋಣೆಯನ್ನು ತೋರಿಸಿತು.

ಕೆಂಪಿ ಓಡಲೂ ಇಲ್ಲ. ಮನುಷ್ಯರ ಕೈಗೆ ರೂಢಿಯಾಗಿದ್ದ ಕೋಳಿ, ಬುಟ್ಟಿ ತೆಗೆದೊಡನೆ ಕತ್ತು ಚಾಚಿತು.

ಅಪ್ಪ ಬೇವಿನ ಬುಡದಲ್ಲಿ ಗುಂಡಿ ತೋಡಿದ. ಅತ್ತೆ ಒಂದೊಂದನ್ನೇ ತಂದಿಟ್ಟಳು. ಕೆಂಪಿಯನ್ನು ಇಡುವಾಗ ಮಾತ್ರ ತಡೆದು, ಸೆರಗಿನಿಂದ ಅದರ ಬೆನ್ನಿನ ಅರಿಶಿನ ಒರೆಸಿದಳು. ಬೋಳು ಚರ್ಮದ ತುಂಬ, ಸೂಜಿಯ ಮೊನೆಯಷ್ಟು ನೀಲಿ ನೀಲಿ ಮೊಳಕೆಗಳು ಎದ್ದಿದ್ದವು. "ನೋಡಪಾ," ಎಂದಳು ಮೆಲ್ಲಗೆ, "ಹೊಸಾ ಗರಿ ಬರಾಕತ್ತಿದ್ದವು." ಅಪ್ಪ ಬಾಗಿ ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಗುಂಡಿಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತವನು, ಅವ್ವ ಬಂದು ಕರೆದರೂ ಏಳಲಿಲ್ಲ. ಮಣ್ಣು ಎಳೆದದ್ದು ಅತ್ತೆಯೇ.

ಕೂಸಿಗೆ ಏನೂ ಆಗಲಿಲ್ಲ; ಆ ತಮ್ಮ ಈಗ ಎರಡು ಮಕ್ಕಳ ತಂದೆ. ವಾರದ ನಂತರ ಅಪ್ಪ ಅರಕೇರಿಯಿಂದ ಎರಡು ಹೇಂಟೆ ತಂದು ಹಿತ್ತಲಲ್ಲಿ ಬಿಟ್ಟ. ಅತ್ತೆ ಅವಕ್ಕೆ ಕಾಳು ಹಾಕಿದಳು, ನೀರಿಟ್ಟಳು, ಹೆಸರಿಡಲಿಲ್ಲ.

ಕಡೆಯ ದಿನಗಳಲ್ಲಿ ಅವಳು ವಿಜಯಪುರದ ನನ್ನ ಮನೆಯಲ್ಲಿದ್ದಳು. ಒಂದು ಮಧ್ಯಾಹ್ನ ಅವಳ ತಲೆ ಬಾಚುತ್ತ, ನಲವತ್ತು ವರ್ಷ ನುಂಗಿಕೊಂಡದ್ದನ್ನು ಹೇಳಿಬಿಟ್ಟೆ. "ಅತ್ತಿ, ಅವತ್ತು ಕೋಣಿ ತೋರಿಸಿದಾಕಿ ನಾನು."

"ಕಂಡಿದ್ದೆ," ಎಂದಳು. "ಇನ್ನೊಂದು ಕಣ್ಣು ತೆರೆದೇ ಇತ್ತಲ್ಲ."

ನನ್ನ ಕೈ ನಿಂತಿತು. ಅವಳು ಹಿಂದಕ್ಕೆ ಕೈ ಚಾಚಿ, ಬಾಚಣಿಗೆ ಹಿಡಿದ ನನ್ನ ಬೆರಳುಗಳನ್ನು ತಡವಿ, "ಬಾಚವಾ, ಸಿಕ್ಕಾಗ್ಯಾವ ಕೂದಲಾ," ಎಂದಳು. ನಾನು ಬಾಚಿದೆ. ಬಿಳಿಯ, ತೆಳ್ಳನೆಯ ಕೂದಲು. ಎಷ್ಟು ಮೆಲ್ಲಗೆ ಎಳೆದರೂ ನಾಲ್ಕೆಳೆ ಕೈಗೆ ಬರುತ್ತಿದ್ದವು.