ಅಟ್ಟದ ಮೇಲಿನ ಚರಚರ

ನಮ್ಮ ಯಜಮಾನರು ಮರುಳಸಿದ್ದಯ್ಯನವರು ಮೂವತ್ತೊಂದು ವರ್ಷ ತಿಪಟೂರಿನ ತಂತಿ ಕಚೇರಿಯಲ್ಲಿ ಮೋರ್ಸ್ ಕೀ ಕಟಕಟ ಕುಟ್ಟಿದವರು. ನಿವೃತ್ತರಾಗಿ ನೊಣವಿನಕೆರೆಯ ತೋಟದ ಮನೆಗೆ ಬಂದ ಮೇಲಾದರೂ ಕೈಗೆ ಬಿಡುವು ಕೊಡಬಾರದೇ? ಮನೆಯಲ್ಲೇ ಕೂತು ದೂರದೂರಿನವರ ಜೊತೆ ಕುಟ್ಟಿ ಮಾತಾಡುವ ಹ್ಯಾಮ್ ರೇಡಿಯೋ ಎಂದು ಪರೀಕ್ಷೆ ಬರೆದು ಲೈಸೆನ್ಸ್ ತಂದರು. ಎರಡು ತೆಂಗಿನ ಮರಗಳ ನಡುವೆ ಏರಿಯಲ್ ತಂತಿ ಎಳೆಸಿದರು. ದಿನಾ ಬೆಳಗ್ಗೆ ಆರೂವರೆಗೆ ಪಡಸಾಲೆಯ ಮೂಲೆಯಲ್ಲಿ ಹೆಡ್‌ಫೋನ್ ಏರಿಸಿ ಕೂತರೆಂದರೆ ನಾನು ಕೊಟ್ಟ ಕಾಫಿ ಕೆನೆಗಟ್ಟುವುದು ಗ್ಯಾರಂಟಿ. ಇಪ್ಪತ್ತಾರು ವರ್ಷ ಪ್ರೈಮರಿ ಸ್ಕೂಲಿನ ಗಲಾಟೆ ಕೇಳಿ ಸುಸ್ತಾಗಿದ್ದ ನನಗೆ ಮನೆಯಲ್ಲೂ ಇದೇ ಹಣೆಬರಹ.

ಅವರ ಮಾತುಕತೆ ಹೆಚ್ಚಾಗಿ ಹರಪನಹಳ್ಳಿಯ ವೀರಭದ್ರಯ್ಯನವರ ಜೊತೆ. ಅವರೂ ತಂತಿ ಕಚೇರಿಯವರೇ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದವರಲ್ಲ, ಆದರೆ ಕುಟ್ಟುವ ಕೈಯಿಂದಲೇ ಇಪ್ಪತ್ತು ವರ್ಷದ ಪರಿಚಯ. ಎಂಬತ್ತಮೂರರಲ್ಲಿ ವೀರಭದ್ರಯ್ಯನವರಿಗೆ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು, ಬಾಯೂ ನಿಂತಿತು. ಆ ಪುಣ್ಯಾತ್ಮ ಆರು ತಿಂಗಳು ಎಡಗೈಗೆ ಕುಟ್ಟುವುದನ್ನು ಕಲಿಸಿ ಒಂದು ಬೆಳಗ್ಗೆ ಇವರನ್ನು ಕರೆದರು. ಇವರು ಹೆಡ್‌ಫೋನ್ ಹಾಕಿಕೊಂಡೇ ಅತ್ತುಬಿಟ್ಟರು. ಅಲ್ಲಿಂದ ಮುಂದೆ ವೀರಭದ್ರಯ್ಯನವರ ಇಡೀ ದಿನದ ಮಾತೆಲ್ಲ ಆ ಬೆಳಗಿನ ಅರ್ಧ ಗಂಟೆಯಲ್ಲೇ ಆಗಬೇಕಾಗಿತ್ತು. ಅವರ ರೇಡಿಯೋ ಪೆಟ್ಟಿಗೆಯೂ ಚಿಕ್ಕದು, ಅದರ ಸದ್ದು ಕಿವಿಗೊಟ್ಟು ಕೇಳಿದರಷ್ಟೇ ಕೇಳುವಂಥದ್ದು.

ಎಂಬತ್ತೈದರ ಯುಗಾದಿ ಕಳೆದು ಸ್ವಲ್ಪ ದಿನಕ್ಕೆ ಇವರ ರೇಡಿಯೋದಲ್ಲಿ ಚರಚರ ಸದ್ದು ಶುರುವಾಯಿತು. ಒಗ್ಗರಣೆ ಹಾಕಿದಂಥ ಸದ್ದು. ಒಂದೊಂದು ದಿನ ಕಡಿಮೆ, ಒಂದೊಂದು ದಿನ ವೀರಭದ್ರಯ್ಯನವರ ಕುಟ್ಟು ಪೂರ್ತಿ ಮುಚ್ಚಿಹೋಗುವಷ್ಟು. "ಹತ್ರದಲ್ಲೇ ಎಲ್ಲೋ ಕರೆಂಟು ಕಿಡಿ ಹಾರ್ತಾ ಐತೆ ಕಣೇ. ಮೊದ್ಲು ನಮ್ಮನೆ ನೋಡ್ಬೇಕು" ಎಂದು ಮನೆಯ ಮೇನ್ ಸ್ವಿಚ್ ಆಫ್ ಮಾಡಿದರು. ರೇಡಿಯೋವನ್ನು ಬ್ಯಾಟರಿಗೆ ಹಾಕಿ ಕೇಳಿದರು. ಚರಚರ ಹಾಗೆಯೇ ಇತ್ತು. ಸರಿ, ನಮ್ಮ ಮನೆಯದಲ್ಲ ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು.

ಆಮೇಲೆ ಐದು ತಿಂಗಳು ಅವರು ಪಟ್ಟ ಪಾಡು ಶಿವನೇ ಬಲ್ಲ. ಕೈಯಲ್ಲೊಂದು ಟ್ರಾನ್ಸಿಸ್ಟರ್ ಹಿಡಿದು, ಅದನ್ನು ಆ ಕಡೆ ಈ ಕಡೆ ತಿರುಗಿಸುತ್ತಾ ಕಂಬದಿಂದ ಕಂಬಕ್ಕೆ ನಡೆದರು. ಸಣ್ಣತಿಮ್ಮಯ್ಯನ ಹಿಟ್ಟಿನ ಗಿರಣಿಯನ್ನು ಎರಡು ಸಲ ನಿಲ್ಲಿಸಿ ನೋಡಿದರು. ರಾಗಿ ಬೀಸಿಸಲು ಬಂದ ಹೆಂಗಸರೆಲ್ಲ ಅವರನ್ನು ಬೈದುಕೊಂಡು ಹೋದರು. ತೋಟಗಳಲ್ಲಿ ಸುತ್ತುವಾಗ ನೀರು ಗುರುತು ಮಾಡುವವರೆಂದು ಜನ ತಿಳಿದರು. "ಸ್ವಾಮ್ಯಾರೆ, ನಮ್ ತೋಟದಾಗೂ ಒಂದ್ ಪಾಯಿಂಟ್ ತೋರ್ಸಿ" ಎಂದು ರಂಗಪ್ಪ ಎಲೆಯಡಿಕೆ ಸಮೇತ ಮನೆಗೇ ಬಂದ. ಲೈನ್‌ಮನ್ ಹುಚ್ಚರಂಗಯ್ಯನ ಜೊತೆಗಂತೂ ದೊಡ್ಡ ಜಗಳವೇ ಆಯಿತು. "ನಿಮ್ಮನೇಲೇ ಏನಾರ ಇರಬೋದು ನೋಡ್ಕಳಿ" ಎಂದಿದ್ದಕ್ಕೆ ಇವರು ನಡುಬೀದಿಯಲ್ಲಿ, "ನಮ್ಮನೇಲಿ ಇಲ್ಲ ಕಣಯ್ಯ! ಬರೆದಿಟ್ಟಿದ್ದೀನಿ!" ಎಂದು ಕೂಗಾಡಿದರು. ಮನೆಗೆ ಬಂದು ಮೊಣಕಾಲಿಗೆ ಹರಳೆಣ್ಣೆ ತಿಕ್ಕಿಸಿಕೊಳ್ಳುವಾಗ ಅವರ ಮುಖ ನೋಡಲಾಗುತ್ತಿರಲಿಲ್ಲ.

ಈಗ ನನ್ನ ಕಥೆ ಹೇಳಬೇಕು. ಯುಗಾದಿಯ ಹೊತ್ತಿಗೆ ನಮ್ಮ ಅಟ್ಟದಲ್ಲಿ ಕೊಬ್ಬರಿಗೆ ಹಾಕಿದ್ದ ಕಾಯಿಗಳಿಗೆ ಹೆಗ್ಗಣದ ಕಾಟ ಹತ್ತಿತ್ತು. ದೀಪ ಉರಿಯುತ್ತಿದ್ದರೆ ಅವು ಬರುವುದಿಲ್ಲ ಎಂದು ಯಾರೋ ಹೇಳಿದರು. ಯಜಮಾನರೋ, ರೇಡಿಯೋಗೆ ತೊಂದರೆ ಎಂದು ಮನೆಯಲ್ಲಿ ಹೊಸ ವೈರು ಎಳೆಯಬಾರದೆಂದು ಕಟ್ಟಪ್ಪಣೆ ಮಾಡಿದ್ದರು. ಅವರು ಹಾಸನಕ್ಕೆ ಮದುವೆಗೆ ಹೋದ ದಿನ ನಾನು ಮೋಟಾರು ರಿಪೇರಿ ಈರಣ್ಣನನ್ನು ಕರೆಸಿ, ತೋಟದ ಪಂಪ್‌ಹೌಸಿನ ಹಿಂಬದಿಯಿಂದ ಬೇಲಿಯ ಮರೆಯಲ್ಲಿ ಒಂದು ವೈರು ಎಳೆಸಿ, ಹೊರಗಿನಿಂದ ಹೆಂಚು ಸರಿಸಿ ಅಟ್ಟದ ಕೊನೆಯ ಮೂಲೆಗೆ ಬಲ್ಬು ಹಾಕಿಸಿದೆ. ಅದಕ್ಕೆ ಸ್ವಿಚ್ಚೂ ಇಲ್ಲ, ಹಗಲೂ ರಾತ್ರಿ ಉರಿಯಬೇಕು. ಪಂಪ್‌ಸೆಟ್ಟಿನ ಮೀಟರೇ ಬೇರೆ, ಅಲ್ಲಿನ ಕರೆಂಟೇ ಬೇರೆ. ಮನೆಯ ಮೇನ್ ಸ್ವಿಚ್ ತೆಗೆದರೆ ಅದು ಆರುವುದೇ ಇಲ್ಲ. ಇದು ನನ್ನ ತಲೆಗೆ ಹೊಳೆಯಲೇ ಇಲ್ಲ. ಅವರ ಮೊಣಕಾಲು ಏಣಿ ಹತ್ತುವಂಥದ್ದಲ್ಲ, ಹಾಗಾಗಿ ಅವರ ಕಣ್ಣಿಗೂ ಬೀಳಲಿಲ್ಲ.

ಭಾದ್ರಪದದಲ್ಲಿ ಪಂಪಿನ ಮೋಟಾರು ಸುಟ್ಟಿತು. ಈರಣ್ಣ ಪಂಪ್‌ಹೌಸಿನ ಫ್ಯೂಸ್ ಕಿತ್ತಿಟ್ಟು ವೈಂಡಿಂಗಿಗೆಂದು ಮೋಟಾರನ್ನು ತಿಪಟೂರಿಗೆ ಒಯ್ದ. ನಾಲ್ಕು ದಿನ ರೇಡಿಯೋದಲ್ಲಿ ಚರಚರವೇ ಇಲ್ಲ! ಇವರು ಮದುಮಗನ ಹಾಗೆ ಓಡಾಡಿದರು. ಐದನೆಯ ದಿನ ಮೋಟಾರು ಬಂತು, ಫ್ಯೂಸ್ ಹಾಕಿದರು, ಚರಚರವೂ ಬಂತು. ಇವರು ಪಂಪ್‌ಹೌಸಿಗೆ ಹೋಗಿ ಸ್ಟಾರ್ಟರನ್ನೆಲ್ಲ ಬಿಚ್ಚಿ ನೋಡಿದರು. ಅಲ್ಲೇನೂ ಇರಲಿಲ್ಲ. ನನಗೆ ಮಾತ್ರ ಅಟ್ಟದ ಬಲ್ಬು ನೆನಪಾಯಿತು. ಏಣಿ ಹತ್ತಿ ಅಟ್ಟಕ್ಕೆ ತಲೆ ಹಾಕಿದರೆ ಮೂಲೆಯ ಬಲ್ಬು ಮಿಣಮಿಣ ಎನ್ನುತ್ತಿದೆ, ಹೋಲ್ಡರಿನಲ್ಲಿ ಚರಚರ ಎನ್ನುತ್ತಿದೆ.

ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಬಲ್ಬಿಗೂ ನನಗೂ ನಡುವೆ ಅಟ್ಟದ ತುಂಬಾ ಕಾಯಿ ಹಾಸಿತ್ತು. ಹನ್ನೊಂದು ತಿಂಗಳು ಅಲುಗಾಡದೆ ಬಿದ್ದಿದ್ದು, ಒಳಗಿನ ನೀರು ಇಂಗಿ, ಅಲ್ಲಾಡಿಸಿದರೆ ಗಡಗಡ ಎನ್ನುವವರೆಗೆ ಅದನ್ನು ತುಳಿಯಬಾರದು, ತುಳಿದರೆ ಒಳಗೆ ಬಿರಿದು ಉಂಡೆ ಕೊಬ್ಬರಿ ಆಗುವುದಿಲ್ಲ ಎಂದು ನಮ್ಮ ಅತ್ತೆ ಶಿವರುದ್ರಮ್ಮನವರು ಹೇಳಿಕೊಟ್ಟಿದ್ದರು. ಮದುವೆಯಾದ ಮೇಲೆ ಒಂದು ವರ್ಷವೂ ನಾನದನ್ನು ಮೀರಿರಲಿಲ್ಲ. ಈರಣ್ಣನಿಗೆ ಹೇಳಿ ಪಂಪ್‌ಹೌಸಿನಲ್ಲೇ ವೈರು ಬಿಚ್ಚಿಸೋಣವೆಂದರೆ, ಈಗೇಕೆ ಎಂದು ಊಹಿಸದೆ ಬಿಡುವವನಲ್ಲ, ಅವನ ಬಾಯಿಗೆ ಬೀಗವೂ ಇಲ್ಲ, ಸಂಜೆಯೊಳಗೆ ಹುಚ್ಚರಂಗಯ್ಯನಿಗೆ ತಿಳಿಯುತ್ತಿತ್ತು. ಬೀದಿಯಲ್ಲಿ ಅಷ್ಟು ಕೂಗಾಡಿದ ಗಂಡನ ಮರ್ಯಾದೆ ಏನಾಗಬೇಕು? ಇನ್ನೆರಡು ತಿಂಗಳಲ್ಲಿ ಕಾಯಿ ಇಳಿಸುತ್ತೇವೆ, ಆಗ ಸದ್ದಿಲ್ಲದೆ ಬಲ್ಬು ತೆಗೆದರಾಯಿತು ಎಂದುಕೊಂಡೆ. ಇಷ್ಟು ದಿನ ತಾಳಿದವರು ಎರಡು ತಿಂಗಳು ತಾಳಲಾರರೇ ಎಂದುಕೊಂಡೆ.

ಈ ಸಲ ಚರಚರ ಮೊದಲಿಗಿಂತ ಜೋರು. ದಿನಾ ಆರೂವರೆಗೆ ಇವರು ಕರೆಯುತ್ತಿದ್ದರು, "ನಮ್ಮಲ್ಲಿ ಸದ್ದು, ನೀನು ಕುಟ್ಟಿದ್ದು ಕೇಳಿಸುತ್ತಿಲ್ಲ, ಜೋರಾಗಿ ಕುಟ್ಟು" ಎಂದು ಕಳಿಸುತ್ತಿದ್ದರು. ಕಣ್ಣು ಮುಚ್ಚಿ ಕೇಳುತ್ತಿದ್ದರು. ಉತ್ತರವೇ ಇಲ್ಲ. ನಾನು ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಾ ದಿನ ಎಣಿಸುತ್ತಿದ್ದೆ. ಹತ್ತೊಂಬತ್ತನೆಯ ಬೆಳಗ್ಗೆ ಅವರು ರೇಡಿಯೋ ಹಚ್ಚಲೇ ಇಲ್ಲ, ಜಗುಲಿಯಲ್ಲಿ ಕೂತಿದ್ದರು.

"ಯಾಕ್ರೀ, ಹೊತ್ತಾಯ್ತು" ಎಂದೆ.

"ಬುಡು ಗಿರಿಜಾ. ಅವ್ನು ಹೋಗ್ಬುಟ್ಟ ಅಂತ ಕಾಣ್ತದೆ. ಇದ್ದಿದ್ರೆ ಒಂದಕ್ಷರನಾದ್ರೂ ಕೇಳ್ತಿತ್ತು."

ನನಗೆ ತಡೆಯಲಾಗಲಿಲ್ಲ. ಏಣಿ ಹತ್ತಿದೆ. ಕಾಯಿಗಳ ಮೇಲೆಯೇ ಅಂಬೆಗಾಲಿಟ್ಟು ಹೋದೆ. ಮೊಣಕಾಲ ಕೆಳಗೆ ಅವು ಉರುಳಿದವು, ಒಂದಕ್ಕೊಂದು ಢಿಕ್ಕಿ ಹೊಡೆದವು. ಹಾಳಾಗಿಹೋಗಲಿ ಎಂದು ಸೆರಗು ಸುತ್ತಿ ಬಲ್ಬು ಕಿತ್ತೆ. ಕೆಳಗಿಳಿದು ಧೂಳು ಮೈಯಲ್ಲೇ ನಿಂತು, "ಒಂದ್ಸಲ ಹಾಕಿ ನೋಡ್ರೀ" ಎಂದೆ.

ನನ್ನ ಮುಖ ನೋಡಿ ಎದ್ದು ಬಂದು ಹೆಡ್‌ಫೋನ್ ಹಾಕಿಕೊಂಡು ಒಮ್ಮೆ ಕರೆದರು. ಸ್ವಲ್ಪ ಹೊತ್ತಿಗೆ ಬೆನ್ನು ನೆಟ್ಟಗಾಯಿತು, ಪೆನ್ಸಿಲ್ ಕೈಗೆ ಬಂತು. ಅವರು ಅಕ್ಷರ ಅಕ್ಷರವಾಗಿ ಬರೆಯುವುದನ್ನು ಹೆಗಲ ಮೇಲಿಂದ ನೋಡಿದೆ. ಇಂಗ್ಲಿಷಿನಲ್ಲಿತ್ತು. ವೀರಭದ್ರಯ್ಯನವರು ಹೇಳಿದ್ದು ಇಷ್ಟು: 'ದಿನಾ ನೀನು ಕರೆದೆ. ದಿನಾ ನಾನು ಉತ್ತರ ಕೊಟ್ಟೆ. ಸದ್ದು ಅಂತ ನೀನು ನೆಪ ಹೇಳುತ್ತಿದ್ದೀಯ ಅಂದುಕೊಂಡೆ. ನನ್ನ ಎಡಗೈಯೂ ಹೋಯಿತು, ಕುಟ್ಟಿದ್ದು ಯಾರಿಗೂ ತಿಳಿಯುತ್ತಿಲ್ಲ, ಅದನ್ನು ಹೇಳಲು ನಿನಗೆ ಸಂಕೋಚ ಅಂದುಕೊಂಡೆ. ಇವತ್ತಿಗೆ ನಿಲ್ಲಿಸೋಣ ಎಂದಿದ್ದೆ. ನಿಜ ಹೇಳು, ನನ್ನ ಕೈ ತಿಳಿಯುತ್ತದಾ?'

ನಾನು ಸೆರಗಿನಲ್ಲಿದ್ದ ಬಲ್ಬನ್ನು ಅವರ ಮುಂದಿಟ್ಟೆ. "ಅಟ್ಟದಲ್ಲಿ ನಾನು ಬಲ್ಬು ಹಾಕ್ಸಿದ್ದೆ ಕಣ್ರೀ. ಪಂಪ್‌ಹೌಸಿನ ಕರೆಂಟು. ಹತ್ತೊಂಬತ್ತು ದಿನದಿಂದ ನಂಗೆ ಗೊತ್ತಿತ್ತು. ಕಾಯಿ ಕೆಡ್ತದೆ ಅಂತ ಸುಮ್ಕಿದ್ದೆ."

ಅವರು ಹೆಡ್‌ಫೋನಿನ ಒಂದು ಕಿವಿ ಎತ್ತಿ ಪೂರ್ತಿ ಕೇಳಿದರು. ಬೈಯಲಿಲ್ಲ. ತಿರುಗಿ ಕೀ ಮೇಲೆ ಕೈಯಿಟ್ಟು, ತಿಳಿಯುತ್ತದೆ, ಒಂದೊಂದಕ್ಷರವೂ ತಿಳಿಯುತ್ತದೆ ಎಂದು ಕುಟ್ಟಿದರು. ಅದನ್ನೇ ನಾಲ್ಕು ಸಲ ಕುಟ್ಟಿದರು. ಆ ದಿನ ಅವರು ಆ ಸ್ನೇಹಿತನನ್ನು ಒಂಬತ್ತು ಗಂಟೆಯಾದರೂ ಬಿಡಲಿಲ್ಲ. ನನ್ನ ಜೊತೆ ಮಾತಾಡಿದ್ದು ಮಾತ್ರ ಮೂರನೆಯ ದಿನ.