ಅಣ್ಣ ತಂಗಿ ಉಂಡ ಸಪ್ಪೆ ಸಾರು

ಮೊನ್ನೆ ಉಪ್ಪು ಹಾಕದ ಹುರುಳಿಕಾಳಿನ ಸಾರು ಮಾಡಿದೆ. ನನಗೂ ಈಗ ಬಿ.ಪಿ. ಒಗ್ಗರಣೆಯ ಬೆಳ್ಳುಳ್ಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ಎದುರುಮನೆ ದೊಡ್ಡಮ್ಮ ನೆನಪಾದರು...

ನಾನು ಹಾಲ್ಕುರಿಕೆ ಕಡೆಯ ಆ ಊರಿಗೆ ಸೊಸೆಯಾಗಿ ಬಂದ ಹೊಸತು. ಎರಡು ಸಾವಿರದ ಆಸುಪಾಸು ಇರಬೇಕು. ದೊಡ್ಡಮ್ಮನಿಗೂ ತಿಪಟೂರಿನಲ್ಲಿದ್ದ ಅವರ ಅಣ್ಣನಿಗೂ ಒಂದೇ ಕಾಯಿಲೆ ಕಾಣಿಸಿಕೊಂಡಿತು. ಮೂತ್ರಪಿಂಡಕ್ಕೆ ಹೋಗುವ ರಕ್ತನಾಳ ಕಿರಿದಾಗಿ ಬಿ.ಪಿ. ಏರಿತ್ತು. ಬೆಂಗಳೂರಿನಲ್ಲಿ ಒಬ್ಬರೇ ಡಾಕ್ಟರು ಇಬ್ಬರಿಗೂ ಆ ನಾಳದೊಳಗೆ ಸ್ಟೆಂಟ್ ಕೂರಿಸಿದರು. ಅಣ್ಣನ ಬಿ.ಪಿ. ಇಳಿಯಿತು. ದೊಡ್ಡಮ್ಮನದು ಜಪ್ಪಯ್ಯ ಅನ್ನಲಿಲ್ಲ.

ಊರ ಬಾಯಿ ಮುಚ್ಚಿಸಲಾಗುತ್ತದೆಯೇ? ಅಣ್ಣ ಪಥ್ಯದ ಮನುಷ್ಯ, ತಂಗಿ ಕದ್ದು ಉಪ್ಪಿನಕಾಯಿ ತಿನ್ನುತ್ತಾಳೆ ಎಂದು ತೀರ್ಮಾನವೇ ಆಗಿಹೋಯಿತು. ದೊಡ್ಡಮ್ಮನ ಮಗನಂತೂ ಉಪ್ಪಿನಕಾಯಿ ಜಾಡಿಯನ್ನು ನಮ್ಮ ಮನೆಗೆ ತಂದಿಟ್ಟ. "ಇನ್ನು ಆಸ್ಪತ್ರೆಗೆ ಕರ್ಕಂಡೋಗಲ್ಲ ಕಣಮ್ಮ. ಬಾಯಿ ಕಟ್ಟದೋರಿಗೆ ಡಾಕ್ಟ್ರೇನ್ ಮಾಡ್ತಾರೆ?" ಎಂದು ತಾಯಿಗೆ ಅಂದೇಬಿಟ್ಟ. ನನಗೆ ಮೈಯೆಲ್ಲ ಉರಿಯಿತು. ದೊಡ್ಡಮ್ಮ ಅಳಲಿಲ್ಲ, ಜಗಳವನ್ನೂ ಆಡಲಿಲ್ಲ. ಅಣ್ಣನಿಗೆ ಹೇಳಿಕಳಿಸಿದರು.

ಅಣ್ಣ ಬಂದು ಶ್ರಾವಣ ಪೂರ್ತಿ ತಂಗಿಯ ಮನೆಯಲ್ಲೇ ಉಳಿದರು. ಇಬ್ಬರಿಗೂ ಒಂದೇ ಪಾತ್ರೆಯ ಸಪ್ಪೆ ಸಾರು, ಒಂದೇ ಹಿಟ್ಟಿನ ಮುದ್ದೆ. ಅದೂ ಜಗಲಿ ಮೇಲೆ, ಬೀದಿಗೆ ಮುಖ ಮಾಡಿಕೊಂಡು! ಗಂಡಸರ ಊಟ ಮುಗಿಯುವ ತನಕ ಹೆಂಗಸರು ಕಾಯುತ್ತಿದ್ದ ಊರದು. ತೋಟದಿಂದ ಬರುವ ಕಾಯಿ ಸುಲಿಯುವವರನ್ನೂ ಬಿಡದೆ, "ಬನ್ರೀ, ನೋಡ್ಕಂಡೋಗಿ. ನೀವೂ ಒಂದ್ ತುತ್ತು ತಿನ್ನಿ!" ಎಂದು ದೊಡ್ಡಮ್ಮ ಕೂಗುತ್ತಿದ್ದರು. ಉಪ್ಪಿಗಿಂತ ರುಚಿಯಿಲ್ಲ ಅಂತ ಗಾದೆ ಬೇರೆ ಇದೆಯಲ್ಲ, ಒಬ್ಬರೂ ಹತ್ತಿರ ಸುಳಿಯಲಿಲ್ಲ.

ತಿಂಗಳಾದ ಮೇಲೆ ಮಗ ತೆಪ್ಪಗೆ ಇಬ್ಬರನ್ನೂ ಆಸ್ಪತ್ರೆಗೆ ಕರೆದೊಯ್ದ. ದೊಡ್ಡಮ್ಮನ ಜೊತೆಗೆಂದು ನಾನೂ ಹೋಗಿದ್ದೆ. ಅಣ್ಣನದು ಸರಿಯಾಗಿತ್ತು. ದೊಡ್ಡಮ್ಮನದು ಏರಿಯೇ ಇತ್ತು.

"ಒಂದೇ ಹೊಟ್ಟೇಲಿ ಹುಟ್ಟಿದೋರು, ಉಂಡಿದ್ದೂ ಒಂದೇ. ಹೆಂಗಸ್ರಿಗೆ ಇದು ಬೇರೆ ಥರ ಆಯ್ತದಾ ಡಾಕ್ಟ್ರೇ?" ಎಂದು ದೊಡ್ಡಮ್ಮ ನೇರವಾಗಿ ಕೇಳಿದರು.

ಡಾಕ್ಟರು ಇಬ್ಬರ ಚೀಟಿಗಳನ್ನೂ ಅಕ್ಕಪಕ್ಕ ಇಟ್ಟು ನೋಡಿದರು. "ಇರಬಹುದಮ್ಮ. ಗಂಡಸರು, ಹೆಂಗಸರು ಅಂತ ಬೇರೆಬೇರೆಯಾಗಿ ನಾವೇ ಸರಿಯಾಗಿ ನೋಡಿಲ್ಲ. ನಿಮ್ಮ ತಪ್ಪಂತೂ ಅಲ್ಲ," ಎಂದು ಹೇಳಿ ಮಾತ್ರೆ ಬದಲಿಸಿದರು. ದೊಡ್ಡಮ್ಮ ಮಗನ ಕಡೆ ತಿರುಗಿ, "ಕೇಳಿಸ್ಕಂಡ್ಯಾ?" ಅಂದರು, ಅಷ್ಟೇ. ಅಂಥ ಗಟ್ಟಿ ಹೆಂಗಸನ್ನು ನಾನು ಮತ್ತೆ ಕಾಣಲಿಲ್ಲ.

ಆಮೇಲೆ ಕೆಲವು ವರ್ಷ ಮಾತ್ರೆಯ ಮೇಲೆ ಓಡಾಡಿಕೊಂಡಿದ್ದರು. ಒಂದು ದಿನ ಲಕ್ವ ಹೊಡೆದು ಹೋಗಿಬಿಟ್ಟರು... ಮಣ್ಣಿಗೆ ಬಂದ ಯಾರೋ, "ಬಾಯಿ ಕಟ್ಟಿದ್ರೆ ಇನ್ನೊಂದಷ್ಟು ದಿನ ಇರೋಳು," ಅಂದರು. ಅಣ್ಣ ಕೋಲೂರಿಕೊಂಡು ಎದ್ದರು. "ಜೊತೇಲಿ ಉಂಡೋನು ನಾನು ಕಣ್ರಲಾ! ನನ್ ತಂಗಿ ಮೇಲೆ ಇನ್ನೊಂದ್ ಮಾತಾಡಿದ್ರೆ ನೋಡಿ!" ಎಂದು ಗುಡುಗಿದರು.

ಈಗ ಅಣ್ಣನೂ ಇಲ್ಲ. ನನ್ನ ಬಿ.ಪಿ. ಇಳಿಯದಿದ್ದಾಗಲೆಲ್ಲ ಮನೆಯವರು ಮೊದಲು ಕೇಳುವುದು, "ಏನು ತಿಂದೆ?" ಅಂತಲೇ. ಮೊನ್ನೆಯೂ ಕೇಳಿದರು. ದೊಡ್ಡಮ್ಮ ಇದ್ದಿದ್ದರೆ ತಟ್ಟೆ ಹಿಡಿದು ಬಂದು ನನ್ನ ಪಕ್ಕದಲ್ಲಿ ಕೂರುತ್ತಿದ್ದರು.